ಗಂಟೆಯ ನಾಲಿಗೆಗೆ ಉಣ್ಣೆ

ರಾತ್ರಿ ಹತ್ತೂವರೆ. ಬ್ರೇಶೊ ಹೋಟೆಲಿಗೆ
ಬೀಗ ಹಾಕುವ ಹೊತ್ತು. ಆದರೆ ಬುಧವಾರ.
ಬುಧವಾರ ಯಾರೂ ಮನೆಗೆ ಹೋಗುವುದಿಲ್ಲ.
ಡಬ್ಬಿ ಕಾರ್ಖಾನೆಯ ನಾವು ಏಳು ಹೆಂಗಸರು,
ಎಷ್ಟು ಉಜ್ಜಿದರೂ ಬೂತಾಯಿಯ ನಾತ ಬಿಡದ ಹದಿನಾಲ್ಕು ಕೈ,
ಗೋಡೆಯ ಟೀವಿಗೆ ಮುಖ ಮಾಡಿದ್ದೇವೆ.
ಪಾದ್ರಿಯ ಎದುರೂ ಇಷ್ಟು ನೆಟ್ಟಗೆ ಕೂತವರಲ್ಲ.

ಕತೆ ನಮ್ಮದೇ. ಗಲೀಸಿಯಾದ ಈ ಕರಾವಳಿಯಲ್ಲಿ
ಮೊಲೆ ಬಿಡುವ ಮೊದಲೇ ಕಿವಿಗೆ ಬೀಳುವುದು:
ಆಚೆ ದಡದ ಹುಡುಗ, ಈಚೆ ದಡದ ಹುಡುಗಿ,
ನಡುವೆ ಮಂಜು.
ಅವಳು ಇಗರ್ಜಿಯ ಗಂಟೆ ಬಾರಿಸುತ್ತಾಳೆ, ಅವನು
ಸದ್ದಿನ ಜಾಡು ಹಿಡಿದು ಹುಟ್ಟು ಹಾಕುತ್ತಾನೆ.
ಒಂದು ರಾತ್ರಿ
ಗಂಟೆಯ ನಾಲಿಗೆಗೆ ಯಾರೋ ಉಣ್ಣೆ ಸುತ್ತಿದರು.
ಅವಳು ಹಗ್ಗ ಎಳೆದಳು, ಎಳೆದಳು.
ಅವನ ಕೂಗು ಕೇಳಿಸಿದ್ದು ಬಂಡೆಗೆ ಮಾತ್ರ.
ಬೆಳಗಾಗುವುದರೊಳಗೆ ಅವಳೂ ಅದೇ ನೀರಿಗೆ.

ಟೀವಿಯವರು ಗಂಟೆ ತೆಗೆದು ಮೊಬೈಲು ಇಟ್ಟಿದ್ದಾರೆ.
ಹುಡುಗ ಸೆನೆಗಾಲಿನವನು, ಪಚ್ಚಿಲೆ ಸಾಕುವ ತೆಪ್ಪದಲ್ಲಿ ಕೂಲಿ.
ಹುಡುಗಿ ಆಸ್ಪತ್ರೆಯಲ್ಲಿ ದಾದಿ.
ಮೊದಲ ವಾರ ನಕ್ಕೆವು: ಇದೆಂಥದು,
ಮುತ್ತಜ್ಜಿಗೆ ಜೀನ್ಸ್ ತೊಡಿಸಿದ ಹಾಗೆ!
ಮೂರನೆಯ ವಾರಕ್ಕೆ ನಗು ನಿಂತಿತ್ತು.

ಚಿತ್ರೀಕರಣಕ್ಕೆ ಬಂದಾಗ ನನ್ನನ್ನೂ ಕರೆದಿದ್ದರು,
ಧಕ್ಕೆಯ ಮೇಲೆ ನಿಂತು ಅಳುವ ಗುಂಪಿಗೆ.
ದಿನಕ್ಕೆ ನಲವತ್ತು ಯೂರೋ, ಒಂದು ಬನ್ನು, ಕಾಫಿ.
ಅದೇ ಧಕ್ಕೆ. ಹನ್ನೊಂದು ವರ್ಷದ ಹಿಂದೆ
ಅದೇ ಕಬ್ಬಿಣದ ಗೂಟ ಹಿಡಿದು ನಿಂತಿದ್ದೆ,
ಎಲಾದಿಯೋನ ದೋಣಿ ಬರಲಿಲ್ಲ.
ನಿರ್ದೇಶಕಿ, ಎಳೆಯ ಹುಡುಗಿ, ಕಿವಿಯ ಬಳಿ ಬಗ್ಗಿ ಅಂದಳು:
ಅಮ್ಮಾ, ಸ್ವಲ್ಪ ಕಡಿಮೆ ಅಳಿ, ನಿಜ ಅನ್ನಿಸುತ್ತಿಲ್ಲ.
ಕಡಿಮೆ ಮಾಡಿದೆ.

ಇವತ್ತು ಆ ರಾತ್ರಿಯ ಕಂತು.
ಮಂಜು. ಎಂಜಿನ್ ಕೆಟ್ಟ ದೋಣಿ. ಅವನ ಹೆಬ್ಬೆರಳು
ಅವಳ ಹೆಸರನ್ನು ಒತ್ತುತ್ತದೆ.
ಅಡಿಗೆಮನೆಯ ಮೇಜಿನ ಮೇಲೆ ಫೋನು ಮಿನುಗುತ್ತದೆ.
"ಎತ್ತೇ!" ಎಂದಳು ಸಬೇಲಾ. "ಎತ್ತೇ ತಾಯಿ!"
ಅಣ್ಣಂದಿರು ಈಗ ಬರುತ್ತಾರೆ ಎಂದು ಕಾದೆವು,
ನಮ್ಮ ಅಜ್ಜಿಯರೆಲ್ಲ ಶಪಿಸಿದ್ದು ಅಣ್ಣಂದಿರನ್ನೇ.
ಬಂದದ್ದು ತಾಯಿ.
ಎರಡು ಪಾಳಿ ದುಡಿದು, ಮೇಜಿನ ಮೇಲೇ ತಲೆಯಿಟ್ಟು
ಮಲಗಿದ್ದ ಮಗಳಿಗೆ ಶಾಲು ಹೊದಿಸಿ,
ನಿದ್ದೆ ಕೆಡದಿರಲಿ ಪಾಪ ಎಂದು
ಫೋನಿನ ಸದ್ದಡಗಿಸಿ ಬೋರಲು ಹಾಕಿದಳು.
ಅಷ್ಟೇ. ಹಿಂದೆ ಸಂಗೀತವೂ ಇಲ್ಲ.

ಯಾರೂ ಉಸಿರೆತ್ತಲಿಲ್ಲ. ಬ್ರೇಶೊನ ಕೈಯ ಬಟ್ಟೆ
ಲೋಟದೊಳಗೇ ನಿಂತಿತ್ತು.
ಎಂಬತ್ತೆಂಟರ ಎರುಂದೀನಾ ಮಾತ್ರ, ಹಲ್ಲಿಲ್ಲದ ಬಾಯಲ್ಲಿ:
"ಹಾಡಿನಲ್ಲಿ ಅಣ್ಣಂದಿರು ಅಂತ ಎಲ್ಲೂ ಇಲ್ಲ.
ಯಾರೋ ಅಂತಲೇ ಇರುವುದು.
ಆ ಕಾಲಕ್ಕೆ ಊರಲ್ಲಿ ಕುರಿ ಇದ್ದದ್ದು
ಎರಡೇ ಮನೆಯಲ್ಲಂತೆ. ಒಂದು ನಮ್ಮದು."
ಇನ್ನೊಂದು ಯಾರದೆಂದು ಹೇಳಲಿಲ್ಲ.
ನನ್ನ ಕಡೆ ನೋಡಲೂ ಇಲ್ಲ.

ಮನೆಗೆ ಬಂದೆ. ಆಂತಿಯಾಳ ಕೋಣೆಯ ದೀಪ ಆರಿತ್ತು.
ನಾಳೆ ಅವಳಿಗೆ ಪರೀಕ್ಷೆ.
ಒಲೆಯ ಪಕ್ಕ ಚಾರ್ಜಿಗಿಟ್ಟ ಫೋನು
ಕಲ್ಲುಚಪ್ಪಡಿಯ ಮೇಲೆ, ಬಲೆಯಿಂದ ಈಗಷ್ಟೇ ಸುರಿದ
ಮೀನಿನ ಹಾಗೆ ಒದ್ದಾಡುತ್ತಿತ್ತು.
ಹೆಸರಿಲ್ಲ. ಬರೀ ಒಂದು ಪುಟ್ಟ ದೋಣಿಯ ಚಿತ್ರ.
ಕೈಗೆತ್ತಿಕೊಂಡೆ. ಬೆಚ್ಚಗಿದೆ.
ಅವಳ ಬಾಗಿಲಿಗೆ ನಾಲ್ಕು ಹೆಜ್ಜೆ.
ಎರಡು ಇಟ್ಟಿದ್ದೇನೆ.