ರಾತಲಿಗೆ ಮುನ್ನೂರಿಪ್ಪತ್ತು

ಕುಲಶೇಖರದ ಇಳಿಜಾರಿನಲ್ಲಿ ನಮ್ಮ ಬೀಜದ ಕಾರ್ಖಾನೆ.
ನಾನು ತೂಕದ ಗುಮಾಸ್ತ, ಘಟ್ಟ ಇಳಿದು ಬಂದವ.
ಹತ್ತೊಂಬತ್ತು ವರ್ಷದಿಂದ ಇದೇ ಮರದ ಸ್ಟೂಲು,
ಇದೇ ತಕ್ಕಡಿ, ಮುಳ್ಳು ಹೋಗಿ ಅಂಕಿ ಬಂದದ್ದು ಬಿಟ್ಟರೆ.

ಪಣಂಬೂರಿನ ಬಂದರಿಂದ ಲಾರಿ ಬಂದು ನಿಂತರೆ
ಗೋಣಿಯ ಮೇಲೆ ನೀಲಿ ಅಕ್ಷರ: ಕೊರೊಶೊ, ಮ್ತ್ವಾರಾ.
ಎಂತ ಬರೆದದ್ದು ಅದರಲ್ಲಿ? ಸೇಸಮ್ಮ ಕೇಳುತ್ತಾಳೆ.
ಅವರ ಭಾಷೆಯಲ್ಲಿ ಗೇರುಬೀಜ ಅಂತೆ, ಎನ್ನುತ್ತೇನೆ.
ಊರಿನ ಹೆಸರು ನನ್ನ ಬಾಯಲ್ಲಿ ಮೂರು ಸಲ ಮುಗ್ಗರಿಸುತ್ತದೆ.
ಅವಳು ನಗುತ್ತಾಳೆ: ಬಂದ ಹೊಸತರಲ್ಲಿ ನೀವು
'ನಾನು ಹೋಗುತ್ತೇನೆ' ಎನ್ನಲು ಹೋಗಿ
'ಅವನು ಹೋಗುತ್ತಾನೆ' ಎನ್ನುತ್ತಿದ್ದಿರಿ ತುಳುವಿನಲ್ಲಿ,
ಪೋಪೆಯ ಕೊನೆಗೆ ಸರಿಯಾಗಿ ಬಾಯಿ ತೆರೆಯದೆ.

ಗೋಣಿಯೊಳಗೆ ಬೀಜದ ಜೊತೆ ಏನೇನೋ,
ಕೆಂಪು ಮಣ್ಣಿನ ಹೆಂಟೆ, ಯಾವುದೋ ಒಣ ಎಲೆ,
ಒಮ್ಮೆ ಮಗುವಿನ ಅಂಗಿಯ ಹಳದಿ ಗುಂಡಿ.
ಮೈಮೂನ ಅದನ್ನು ತೊಳೆದು ಶಾಲಿನ ತುದಿಗೆ ಕಟ್ಟಿಕೊಂಡಳು.
ಮರುವಾರ ಅವಳ ಮೊಮ್ಮಗನ ಎದೆಯ ಮೇಲೆ
ನಾಲ್ಕು ಬಿಳಿ ಗುಂಡಿಗಳ ನಡುವೆ ಅದು.

ಸುಲಿದದ್ದು ಅಂಕಿಯಾಗುತ್ತದೆ.
ರಾತಲಿಗೆ ನೂರೆಂಬತ್ತು ತೂಗಿದರೆ ರಾಜ,
ಇನ್ನೂರ ನಲವತ್ತು, ಮುನ್ನೂರ ಇಪ್ಪತ್ತು,
ಆಮೇಲೆ ಹೋಳು, ತುಂಡು, ನುಚ್ಚು.
ರಾತಲಿನವರು ಊರು ಬಿಟ್ಟು ಎಷ್ಟು ಕಾಲವಾಯಿತು!
ಅವರ ಕಲ್ಲು ಮಾತ್ರ ಇನ್ನೂ ತಕ್ಕಡಿಯಲ್ಲೇ ಕೂತಿದೆ.
ದರ ಬರುವುದು ಧನಿಗಳ ಫೋನಿಗೆ, ಗಂಜಿಯ ಹೊತ್ತಿಗೆ.
ವಿಯೆಟ್ನಾಮಿನಲ್ಲಿ ಇಳಿದರೆ ಇಲ್ಲಿ ಶನಿವಾರವೂ ರಜೆ.

ಹೋದ ವರ್ಷ ಅಲ್ಲಿಂದಲೇ ಮಿಷನ್ ಬಂತು.
ಬೀಜ ಬೀಳುತ್ತಿರುವಾಗಲೇ ಫೋಟೊ ತೆಗೆದು
ಕಪ್ಪಾದದ್ದನ್ನು ಗಾಳಿ ಊದಿ ಆಚೆ ಹಾರಿಸುತ್ತದೆ.
ಗ್ರೇಡಿಂಗಿನ ನಲವತ್ತಮೂರು ಹೆಂಗಸರಲ್ಲಿ
ಒಂಬತ್ತು ಮಂದಿ ಉಳಿದರು. ಕಾರ್ಮಿನ್ ಬಾಯಿ ಹೋಗುವ ದಿನ
ಮಿಷನ್ನಿನ ಮುಂದೆ ಶಿಲುಬೆಯ ಗುರುತು ಮಾಡಿ ಹೋದಳು.
ಶಾಪವೋ ಆಶೀರ್ವಾದವೋ, ನಾನು ಕೇಳಲಿಲ್ಲ.

ರೇಷನ್ ಅಂಗಡಿಯಲ್ಲಿ ಸೇಸಮ್ಮನ ಹೆಬ್ಬೆರಳು
ಗಾಜಿನ ಮೇಲೆ ಒತ್ತಿ ಒತ್ತಿ ಸಾಕಾಯಿತು.
ಸಿಪ್ಪೆಯ ಎಣ್ಣೆ ಮೂವತ್ತು ವರ್ಷ ತಿಂದ ಬೆರಳು,
ಗೆರೆಯೇ ಇಲ್ಲ. ಹಸಿರು ದೀಪ ಹತ್ತಲಿಲ್ಲ.
ಅಂಗಡಿಯವ ಅವಳ ಮದುವೆಯಲ್ಲಿ ಬಡಿಸಿದವ.
ತಲೆ ತಗ್ಗಿಸಿ ಹೇಳಿದ: ನೀವು ನೀವೇ ಅಂತ
ನನಗೆ ಗೊತ್ತುಂಟು ಅಕ್ಕ, ಇದಕ್ಕೆ ಗೊತ್ತಿಲ್ಲ.

ಮೊನ್ನೆ ಮೈಮೂನಳ ಅಳಿಯ ಶಾರ್ಜಾದಿಂದ ಬಂದ.
ಮಧ್ಯಾಹ್ನದ ಬುತ್ತಿಯ ಜೊತೆ ಒಂದು ತಗಡಿನ ಡಬ್ಬಿ,
ಹುರಿದು ಉಪ್ಪು ಸವರಿದ ಗೋಡಂಬಿ,
ಮೇಲೆ ಒಂಟೆಯ ಚಿತ್ರ, ಚಿನ್ನದ ಬಣ್ಣದ ಅಕ್ಷರ.
ಫಾರಿನ್, ಎಂದಳು ಮೈಮೂನ. ಒಬ್ಬೊಬ್ಬರಿಗೆ ಎರಡೆರಡು.
ಸೇಸಮ್ಮ ತಿನ್ನಲಿಲ್ಲ. ಬೆಳಕಿಗೆ ಹಿಡಿದಳು, ತಿರುಗಿಸಿದಳು.
ಬೆನ್ನಿನ ಬಾಗಿನ ಹತ್ತಿರ ಕೂದಲೆಳೆಯಷ್ಟು ಒಂದು ಗೀರು,
ಮಿಷನ್ನಿನ ಕಣ್ಣಿಗೆ ತಪ್ಪಿದ್ದು.
ಬೀಜ ಎಬ್ಬಿಸುವಾಗ ಕತ್ತಿಯನ್ನು ಎಡಕ್ಕೆ ವಾಲಿಸುವವಳು
ಇಲ್ಲಿ ಅವಳೊಬ್ಬಳೇ.

ನಮ್ಮ ಬೀಜ, ಎಂದಳು ತುಳುವಿನಲ್ಲಿ.

ತುಳುವಿನಲ್ಲಿ ನಮ್ಮದು ಎರಡುಂಟು.
'ಎಂಕ್ಲೆ' ಎಂದರೆ ನಮ್ಮದು, ಕೇಳುವ ನಿನ್ನದಲ್ಲ.
'ನಮ್ಮ' ಎಂದರೆ ನಿನ್ನನ್ನೂ ಸೇರಿಸಿ ನಮ್ಮದು.
ನನ್ನ ಕನ್ನಡಕ್ಕೆ ಒಂದೇ ಬಾಗಿಲು,
ಒಳಗೆ ಯಾರು, ಹೊರಗೆ ಯಾರು, ಅದು ಹೇಳುವುದಿಲ್ಲ.
ಅವಳು ಆರಿಸಿದ್ದು ಎರಡನೆಯದನ್ನು.
ಹೇಳುವಾಗ ನೋಡಿದ್ದು ನನ್ನನ್ನಲ್ಲ, ಮೈಮೂನಳನ್ನೂ ಅಲ್ಲ,
ಮೂಲೆಯಲ್ಲಿ ಒಟ್ಟಿದ ಖಾಲಿ ಗೋಣಿಗಳನ್ನು.

ಆಮೇಲೆ ಬಾಯಿಗೆ ಹಾಕಿಕೊಂಡಳು.
ಉಪ್ಪು ಜಾಸ್ತಿಯಾಯಿತು, ಎಂದು
ಕೊಡಪಾನದ ಕಡೆ ಎದ್ದು ಹೋದಳು.
ಸೈರನ್ ಆಯಿತು. ನಾನು ತಕ್ಕಡಿಯನ್ನು ಸೊನ್ನೆಗೆ ತಂದೆ.