ಮೂರನೇ ಕೌಂಟರು

ಆಗಸ್ಟಿನಲ್ಲಿ ನಮ್ಮೂರಿಗೆ ಪುದೀನದ ವಾಸನೆ.
ಕೊಯ್ದ ಹೊಲದಿಂದ ಎದ್ದ ಗಾಳಿ
ಲೈಸೆನ್ಸ್ ಕಚೇರಿಯ ಬಾಗಿಲು ತಳ್ಳಿ ಒಳಗೇ ಬರುತ್ತದೆ,
ಟೋಕನ್ನೂ ತೆಗೆದುಕೊಳ್ಳದೆ.

ಒರೆಗಾನಿನ ಈ ಮೂಲೆಯಲ್ಲಿ ಹದಿನಾರು ವರ್ಷದಿಂದ
ನನ್ನದು ಮೂರನೇ ಕೌಂಟರು.
ಕಣ್ಣು ನೋಡಿ, ಎತ್ತರ ಬರೆದು,
ಗಲ್ಲ ಸ್ವಲ್ಪ ಮೇಲೆ ಎಂದು ಫೋಟೊ ಹಿಡಿದು
ಕೊನೆಗೊಂದು ಮಾತು ಕೇಳುತ್ತಿದ್ದೆ ಮೊದಲು:
ವೋಟರ್ ಪಟ್ಟಿಗೆ ಸೇರುತ್ತೀರಾ?
ಕೆಲವರು ಗಡಿಯಾರ ನೋಡುತ್ತಿದ್ದರು. ಕೆಲವರು ನನ್ನನ್ನು.
ಈಗ ಕೇಳುವಂತಿಲ್ಲ, ಕೇಳಬೇಕಾಗೂ ಇಲ್ಲ.
ಪಾಸ್‌ಪೋರ್ಟನ್ನೋ ಜನನಪತ್ರವನ್ನೋ ಗಾಜಿನ ಮೇಲಿಟ್ಟರೆ
ಹೆಸರು ತಾನಾಗಿ ಎದ್ದು, ಬೆಟ್ಟ ದಾಟಿ,
ರಾಜಧಾನಿಯ ಪಟ್ಟಿಯಲ್ಲಿ ಹೋಗಿ ಕೂರುತ್ತದೆ.
ಬೇಡವೆಂದವರು ಮನೆಗೆ ಬಂದ ಕಾರ್ಡನ್ನು
ಟಪಾಲಿಗೆ ಹಾಕಿದರಾಯಿತು.

ವೆಂಡೆಲ್ ಕ್ರೌಚ್ ಟಪಾಲಿಗೆ ಹಾಕಲಿಲ್ಲ.
ಮರದ ಲಾರಿಯನ್ನು ಹೊರಗೆ ಗುರುಗುಟ್ಟಲು ಬಿಟ್ಟು
ನಾಲ್ಕು ಚೂರು ಮಾಡಿದ ಕಾರ್ಡನ್ನು ನನ್ನೆದುರು ಸುರಿದ.
"ನನ್ನ ಹೆಸರು ನನ್ನ ನಾಯಿ ಇದ್ದ ಹಾಗೆ.
ಯಾರೋ ಸಿಳ್ಳೆ ಹಾಕಿದರೆಂದು ಹಿಂದೆ ಹೋಗೋದಲ್ಲ."
ನಕ್ಕೆ. ಅವನು ನಗಲಿಲ್ಲ.
ರಾತ್ರಿ ಪಾತ್ರೆ ತೊಳೆಯುವಾಗ ಯೋಚಿಸಿದೆ:
ಮತ ಹಾಕದೆ ಇರುವುದೂ ಒಂದು ಮಾತೇ ಇರಬಹುದು.
ಆದರೆ ಎರಡು ಪಾಳಿ ದುಡಿದು, ಫಾರಂ ತುಂಬಲು ಬಿಡುವಿಲ್ಲದೆ
ಸುಮ್ಮನಿದ್ದವರ ಮೌನ? ಅದು ಯಾರ ಮಾತು?

ಆಮೇಲೆ ಎಮ್ಲೇನ್ ಲಾಂಗ್ರಿನ್ ಬಂದಳು,
ಮಾರ್ಷಲ್ ದ್ವೀಪದವಳು, ಶಾಲೆಯ ಅಡುಗೆಮನೆಯವಳು.
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದಳು,
ಬಿಸಿ ಬಾಣಲೆ ಹಿಡಿದಂತೆ, ತುದಿಬೆರಳಲ್ಲಿ.
"ನಾನು ಕೇಳಿರಲಿಲ್ಲ. ನನಗೆ ಹಕ್ಕಿಲ್ಲ.
ಇದು ಬಂತೆಂದು ನನ್ನನ್ನು ಕಳಿಸಿಬಿಡುತ್ತಾರಾ?"
ದಾಖಲೆ ತೆರೆದೆ.
ಶುಕ್ರವಾರ ಸಂಜೆ, ನಾಲ್ಕು ಐವತ್ತೆರಡು.
ಅವಳ ದ್ವೀಪದ ಪಾಸ್‌ಪೋರ್ಟು, ನಮ್ಮ ಪಾಸ್‌ಪೋರ್ಟು
ಪರದೆಯಲ್ಲಿ ಒಂದರ ಕೆಳಗೊಂದು;
ಬೆರಳು ಒಂದು ಸಾಲು ಜಾರಿತ್ತು.
ಬೆರಳು ನನ್ನದು.

ಮಗ ಇದೇ ದೇಶದ ಸಮವಸ್ತ್ರ ತೊಟ್ಟು
ಎಲ್ಲೋ ಮರಳಲ್ಲಿ ಕಾವಲಿದ್ದಾನೆ;
ತಾಯಿ ಇಲ್ಲಿ ಹನ್ನೊಂದು ವರ್ಷದಿಂದ ತೆರಿಗೆ ಕಟ್ಟುತ್ತಾಳೆ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಹೆಸರು ತೆಗೆಸುವ ಅರ್ಜಿ ನಾನೇ ಬರೆದೆ.
ತಪ್ಪು ಕಚೇರಿಯದು ಎಂದು ಬರೆದು, ಗೆರೆ ಎಳೆದು,
ನನ್ನದು ಎಂದು ಬರೆದೆ.
ಮುಂದಿನ ವಾರ ಗ್ರಂಥಾಲಯದ ಸಭೆಯಲ್ಲಿ
ಆ ಒಂದು ಸಾಲನ್ನು ಒಬ್ಬ ಸಾವಿರ ಮಾಡಿ ಕೂಗಿದ,
ಇನ್ನೊಬ್ಬಳು ಸೊನ್ನೆ ಮಾಡಿದಳು.
ನಾನು ಹಿಂದಿನ ಕುರ್ಚಿಯಲ್ಲಿ ಬೆರಳು ಮಡಚಿ ಕೂತಿದ್ದೆ.

ಒಡೆಸ್ಸಾ ಟಿಲ್ಲರಿಗೆ ಎಂಬತ್ತಮೂರು.
ಅಲಬಾಮಾದಿಂದ ಮೊಮ್ಮಗಳ ಕಾರಿನಲ್ಲಿ ನಾಲ್ಕು ದಿನ ಬಂದವಳು,
ಹಳೆಯ ಗುರುತಿನ ಚೀಟಿ ಕೊಟ್ಟು ಹೊಸದು ಕೇಳಿದಳು.
ಎಲ್ಲ ಮುಗಿದ ಮೇಲೂ ಏಳಲಿಲ್ಲ.
"ವೋಟಿನ ವಿಷಯ?"
ತಾನಾಗಿ ಆಗುತ್ತದಮ್ಮ.
"ಏನೂ ಕೇಳುವುದಿಲ್ಲವೆ?"
ಇಲ್ಲ.
"ಮೆಟ್ಟಿಲನ್ನೂ?"

ಅವಳ ಅಪ್ಪ ಒಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು
ಹೆಸರು ಬರೆಸಲು ಕೋರ್ಟಿಗೆ ಹೋಗಿದ್ದನಂತೆ.
ಮೇಜಿನ ಹಿಂದಿನವನು ಕೇಳಿದ: ಈ ಕಟ್ಟಡಕ್ಕೆ ಮೆಟ್ಟಿಲೆಷ್ಟು?
ಏನಾದರೂ ಕೇಳಿಯಾರೆಂದು ಎಣಿಸಿಕೊಂಡೇ ಹತ್ತಿದ್ದ ಅಪ್ಪ
ಇಪ್ಪತ್ತೆರಡು ಎಂದ.
"ಅದು ಹತ್ತುವಾಗ. ಇಳಿಯುವಾಗ?"
ಇಳಿಯುತ್ತ ಎಣಿಸಿದನಂತೆ, ಮಗಳ ಕೈ ಹಿಡಿದು, ಗಟ್ಟಿಯಾಗಿ.
ಇಪ್ಪತ್ತೆರಡೇ.

ಈಗ ಕೇಳುವವರೇ ಇಲ್ಲವಲ್ಲ, ಒಳ್ಳೆಯದಲ್ಲವೆ ಎಂದೆ.
ಒಳ್ಳೆಯದೇ, ಎಂದಳು. ಮೊಮ್ಮಗಳಿಗೆ ಒಳ್ಳೆಯದು.
ಕೈಚೀಲದ ಕೊಂಡಿ ಹಾಕಿದಳು, ತೆಗೆದಳು.
"ಆದರೂ ಒಂದು ಸಲ ಕೇಳು ಮಗಾ.
ಕೇಳಿಸಿಕೊಂಡು ಹೌದು ಅನ್ನಬೇಕು ನಾನು."

ನಿಯಮದಲ್ಲಿಲ್ಲದ ಪ್ರಶ್ನೆ.
ಎದ್ದು ನಿಂತು ಕೇಳಿದೆ.
ಅವಳ ಹೌದು ಬಾಗಿಲಾಚೆ ಬೀದಿಗೂ ಕೇಳಿಸಿರಬೇಕು.
ಪರದೆಯ ಮೇಲೆ ಕೆಳಗೆ ಹುಡುಕಿದೆ,
ಅದನ್ನು ಒತ್ತಲು ಚೌಕವಿರಲಿಲ್ಲ.