ನೂನಿನ ಚುಕ್ಕಿ

ಅವರು ಹೇಳತಿದ್ರು, ನಾ ಬರಕೋತಿದ್ದೆ.
ನಾಕು ವರ್ಷ ಎರಡು ತಿಂಗಳು,
ಕಲಬುರಗಿ ಪೀಠದ ಮೂರನೇ ಹಾಲು.
ನ್ಯಾಯಮೂರ್ತಿ ಜಗದೇವಿ ಮೂಲಗೆ
ಅಲ್ಪವಿರಾಮಕ್ಕ ಬೆರಳೆತ್ತತಿದ್ರು,
ಪೂರ್ಣವಿರಾಮಕ್ಕ ಕನ್ನಡಕ ತೆಗೀತಿದ್ರು.
ಹಂಗಾಗಿ ಅವರ ಮೂಗಿನ ಮ್ಯಾಲಿನ ಎರಡು ಕುಳಿ
ನನಗ ಯಾವ ಕಾಯ್ದೆ ಪುಸ್ತಕಕ್ಕಿಂತ ಚಂದ ಗೊತ್ತು.

ತೀರ್ಪು ಇಂಗ್ಲಿಷಿನಾಗ. ಯಾರಾದ್ರೂ ಮುದ್ದತ್ತು ಕೇಳಿದಾಗ ಮಾತ್ರ
ಹುಮನಾಬಾದ ಹೊರಬೀಳತಿತ್ತು:
"ವಕೀಲ ಸಾಹೇಬ್ರ, ನಿಮ್ಮ ಕಕ್ಷಿದಾರ ಸತ್ತ ಮ್ಯಾಲ
ವಾದ ಮಾಡತೀರೇನು?"

ಮೆಟ್ಟಿಲು ಮೆಟ್ಟಿಲು ಏರಿ ಬಂದವರು.
ಮೊದಲ ಕುರ್ಚಿ ಚಿಂಚೋಳಿ ಮುನ್ಸೀಫ.
"ಸಾಹೇಬ್ರು ಬಂದ್ರು" ಅಂತ ಜವಾನ ಕೂಗಿದರ
ಕಟಕಟೆಯಾಗಿನ ಮುದುಕ ಬಾಗಿಲ ಕಡೆನೇ ನೋಡಕೋತ ನಿಂತಿದ್ನಂತ,
ಸಾಹೇಬ್ರು ಕುಂತು ಐದು ನಿಮಿಷ ಆಗಿತ್ತು.
ಆ ಕೋರ್ಟಿನಾಗ ಹೆಣ್ಣಮಕ್ಕಳಿಗೆ ಪಾಯಖಾನೆ ಇದ್ದಿಲ್ಲ.
ನಲವತ್ನಾಕರ ಬಿಸಿಲಿನಾಗ, ಮುಂಜಾನಿಂದ ನಾಕರ ತನಕ,
ನೀರು ಮುಟ್ಟತಿದ್ದಿಲ್ಲ.
ಆಮ್ಯಾಲ ಸುರಪುರ, ಮಂಡ್ಯ, ಕಾರವಾರ, ಮತ್ತ ಬೀದರ;
ಟ್ರಂಕಿನ ಮ್ಯಾಲ ಬರೆಸಿದ ಹೆಸರು
ವರ್ಗಕ್ಕೊಂದು ಅಕ್ಷರ ಕಳಕೊಂಡು
"ಜಗ" ಅಷ್ಟೇ ಉಳದಿತ್ತು.

ಅಪ್ಪ ಘಾಳೆಪ್ಪ, ಹುಮನಾಬಾದ ಕಚೇರಿ ಮುಂದ
ಹುಣಸೀ ಗಿಡದ ಬುಡಕ ಅರ್ಜಿ ಬರೀತಿದ್ದ.
ನಿಜಾಮನ ಕಾಲದ ಉರ್ದು, ಬೋರೂ ಕಡ್ಡಿ.
ದರಖಾಸ್ತಿಗೆ ನಾಕಾಣೆ,
ಅಳಕೋತ ಬಂದವರಿಗೆ ಎರಡಾಣೆ.
ಇದೆಲ್ಲ ಅವರು ಹೇಳಿದ್ದು ಒಂದೇ ಒಂದು ಮಧ್ಯಾಹ್ನ.

ಅವತ್ತು ಪಟ್ಟಿಯಾಗ ಹದಿನೇಳನೇ ನಂಬರು ಒಂದು ಎರಡನೇ ಅಪೀಲು.
ಚಿಂಚೋಳಿ ತಾಲೂಕು, ಒಂದು ಬಾವಿ, ಅರ್ಧ ಪಾಲು.
ಫೈಲು ಬಿಚ್ಚಿದ್ರು, ಕನ್ನಡಕ ತೆಗೆದ್ರು.
ವಾಕ್ಯ ಇನ್ನೂ ಸುರುವೇ ಆಗಿದ್ದಿಲ್ಲ.
"ಇದು ನನ್ನ ಮುಂದ ಬ್ಯಾಡ." ಅಷ್ಟೇ ಆದೇಶ.
ತಳದ ಡಿಕ್ರಿ ಮ್ಯಾಲ ಅವರದೇ ಸಹಿ ಇತ್ತು,
ವಕೀಲರು ತಲಿ ಬಾಗಿಸಿ ಸರಿದ್ರು.

ಚೇಂಬರಿನಾಗ, ಬುತ್ತಿ ಬಿಚ್ಚದೇ,
"ಬರಕೋಬ್ಯಾಡ ಚಾಂದಪಾಶಾ" ಅಂದ್ರು.
ಕೈ ಕೇಳಲಿಲ್ಲ.

"ನಿಶಾನೆ ಮೂರು. ಉರ್ದು ವಾಟ್ನಿ ಪತ್ರ.
ಬರೆದವನ ಹೆಸರಿದ್ದ ಮೂಲಿ ಗೆದ್ದಲ ತಿಂದಿತ್ತು.
ಸಾಕ್ಷಿಗಳಿಬ್ಬರೂ ಮಣ್ಣಿನಾಗ.
ರುಜುವಾತಾಗಿಲ್ಲ ಅಂತ ಬರೆದೆ. ಹೀರಮ್ಮನ ದಾವಾ ವಜಾ.
ಆದ್ರ ನೂನು ನೋಡಿದ್ದೆ ನಾ.
ಬಟ್ಟಲದ ನಡುವ ಇರಬೇಕಾದ ಚುಕ್ಕಿ
ತೊಗರಿಕಾಳಿನಷ್ಟು ಎಡಕ್ಕ ಜಾರಿತ್ತು.
ನನ್ನ ಕೈ ಹಿಡದು, ಪಾಟಿ ಮ್ಯಾಲ,
ಹಂಗೇ ಇಡಸತಿದ್ದ ನಮ್ಮಪ್ಪ.
ಕುರ್ಚಿಗೆ ಗೊತ್ತಿರಬಾರದು. ನನಗ ಗೊತ್ತಿತ್ತು.
ಅವತ್ತೇ ಎದ್ದು ಬರಬೇಕಿತ್ತು ನೋಡು,
ಕುಂತೆ."

ಬುತ್ತಿಯಾಗಿನ ರೊಟ್ಟಿ ಹಂಗೇ ಇತ್ತು.
ಎರಡೂವರಿಗೆ ಹದಿನೆಂಟನೇ ನಂಬರು ಕರೆದ್ರು.

ನಿವೃತ್ತಿ ದಿನ ಶಾಲು, ಬಿದ್ರಿ ಹೂದಾನಿ, ಭಾಷಣ.
ಎಲ್ಲರ ಹೆಸರೂ ಹೇಳಿದ್ರು, ನನ್ನದೂ.
ದಫೇದಾರ ಬೆಳ್ಳಿ ದಂಡ ಒರಸಿ
ಮರುದಿನದ ಸಾಹೇಬರಿಗೆ ಗ್ವಾಡಿಗಿ ಆನಿಸಿಟ್ಟ.

ನೋಟಪುಸ್ತಕ ತುಂಬಿದ ಮ್ಯಾಲ ಸುಡಬೇಕು.
ಒಂದು ಸುಟ್ಟಿಲ್ಲ.
ಬ್ಯಾರೆಯವರ ಕಣ್ಣಿಗೆ ಅದು ಇರವಿ ಸಾಲು.
ಓದಾಕ ನಾ ಒಬ್ಬನೇ ಸಾಕ್ಷಿ,
ಅಂದ್ರ ಅದೂ ರುಜುವಾತಾಗೂದಿಲ್ಲ.

ಅಪೀಲು ಈಗ ಒಂದನೇ ಹಾಲಿನಾಗ ಅದ.
ಹೀರಮ್ಮನ ಮೊಮ್ಮಗ ಮುಂಜಾನಿ ಬಸ್ಸಿಗೆ ಬರತಾನ,
ಗೇಟಿನ ಹೊರಗ ಚಹಾ ಕುಡಿತಾನ,
ನನ್ನ ಕೋಟು ನೋಡಿ ಕೈ ಮುಗಿದು ಕೇಳತಾನ:
"ಸಾಹೇಬ್ರ, ಮುಂದಿನ ತಾರೀಖು ಎಂದು?"
ಹೇಳತೀನಿ,
ತಾರೀಖು ಅಷ್ಟೇ.